ಗ್ಯಾಸ್ ತುಂಬುವ ಮೊದಲು ಮೆಗ್ನೀಸಿಯಂ ಏಕೆ?

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ, ತೂಕ 60 ಕೆಜಿ. ಪಿತ್ತಕೋಶದಲ್ಲಿ ಹರಳಾಗಿದೆ, ಹುಬ್ಬಳ್ಳಿಯಲ್ಲಿ ದುರ್ಬೀನು ಆಪರೇಷನ್ ಮಾಡಿಸಬೇಕೆಂದಿದ್ದೇವೆ. ಬಿಪಿಗೆ ಬಹಳ ವರ್ಷದಿಂದ ಆಮ್ಲೋಡಿಪಿನ್ ತಗೊಳ್ತಾಳೆ. ಬಿಪಿ ಏರದಂತೆ ಮೆಗ್ನೀಸಿಯಂ ಕೊಡುತ್ತೇವೆ ಅಂದರು ಅರಿವಳಿಕೆ ಡಾಕ್ಟರು. ಅದು ಬಸುರಿಯರಿಗೆ ಫಿಟ್ಸ್ ಬಂದಾಗ ಕೊಡುವ ಔಷಧವಲ್ಲವೇ? ಈಗಿನಿಂದಲೇ ಮೆಗ್ನೀಸಿಯಂ ಗುಳಿಗೆ ಕೊಟ್ಟರೆ ಸಾಲದೇ?
– ಓದುಗರು, ರೋಣ

ಉತ್ತರ: ಹೌದು, ಅದೇ ಮೆಗ್ನೀಸಿಯಂ ಸಲ್ಫೇಟ್. ಇಲ್ಲಿ ಅದರ ಕೆಲಸ ಬೇರೆ.

ದುರ್ಬೀನು ಆಡಿಸಲು ಹೊಟ್ಟೆಯೊಳಗೆ ಜಾಗ ಬೇಕು. ಅದಕ್ಕಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿ 12ರಿಂದ 15 ಮಿ.ಮೀ. ಪಾದರಸದ ಒತ್ತಡ ಕಾಯ್ದುಕೊಳ್ಳುತ್ತಾರೆ. ಹೊಟ್ಟೆ ಉಬ್ಬುತ್ತಿದ್ದಂತೆ ದೇಹ ಬಿಪಿ ಏರಿಸುವ ಹಾರ್ಮೋನುಗಳಾದ ಅಡ್ರಿನಾಲಿನ್, ವ್ಯಾಸೊಪ್ರೆಸಿನ್‌ಗಳನ್ನು ರಕ್ತಕ್ಕೆ ಸುರಿಯುತ್ತದೆ. ರಕ್ತನಾಳಗಳು ಬಿಗಿದು ಬಿಪಿ ಜಿಗಿಯುತ್ತದೆ, ನಾಡಿಯೂ ಓಡಬಹುದು. ಮೆಗ್ನೀಸಿಯಂ ಅಡ್ರಿನಾಲಿನ್ ಹೊರಬೀಳುವುದನ್ನೇ ತಗ್ಗಿಸುತ್ತದೆ. ಕ್ಯಾಲ್ಸಿಯಂಗೆ ಅಡ್ಡ ನಿಂತು ರಕ್ತನಾಳವನ್ನೂ ಸಡಿಲಿಸುತ್ತದೆ. ಹಾಗಾಗಿ ಬಿಪಿ ಏರಿದ ಮೇಲಲ್ಲ, ಗ್ಯಾಸ್ ತುಂಬುವ ಮುಂಚೆಯೇ ಕೊಡಬೇಕು.

ಸಾಮಾನ್ಯ ಪ್ರಮಾಣ ಕೆಜಿಗೆ 30ರಿಂದ 50 ಮಿಲಿಗ್ರಾಂ. ನಿಮ್ಮ ಅವ್ವನಿಗೆ ಕೆಜಿಗೆ 30ರ ಲೆಕ್ಕ ಹಿಡಿದರೆ 1,800 ಮಿಲಿಗ್ರಾಂ. 50 ಶೇಕಡಾ ದ್ರಾವಣದ 2 ಮಿಲಿ ಆಂಪೂಲಿನಲ್ಲಿ 1 ಗ್ರಾಂ ಇರುತ್ತದೆ, ಅಂದರೆ 3.6 ಮಿಲಿ ತೆಗೆದು 100 ಮಿಲಿ ಸಲೈನಿಗೆ ಬೆರೆಸಿ 10–15 ನಿಮಿಷ ನಿಧಾನವಾಗಿ ಹರಿಸುತ್ತಾರೆ. ಅವಸರ ಮಾಡಿದರೆ ಬಿಪಿ ಧಡಕ್ಕನೆ ಬೀಳುತ್ತದೆ. ಆಮ್ಲೋಡಿಪಿನ್ನೂ ಕ್ಯಾಲ್ಸಿಯಂ ದಾರಿಯನ್ನೇ ತಡೆಯುವುದರಿಂದ ನಿಮ್ಮ ಅವ್ವನ ವಿಷಯದಲ್ಲಿ ಈ ನಿಧಾನ ಇನ್ನೂ ಮುಖ್ಯ.

ಇನ್ನೊಂದು ತೊಡಕು ಸ್ನಾಯುಗಳದ್ದು. ವೆಕ್ಯುರೋನಿಯಂ, ರೊಕ್ಯುರೋನಿಯಂನಂಥ ಸ್ನಾಯು ಸಡಿಲಿಸುವ ಮದ್ದಿನ ಬಲವನ್ನು ಮೆಗ್ನೀಸಿಯಂ ಹೆಚ್ಚಿಸಿ, ಅದು ಇಳಿಯಲು ತಡ ಮಾಡುತ್ತದೆ. ಮಣಿಕಟ್ಟಿನ ನರಕ್ಕೆ ನಾಲ್ಕು ಸಲ ಸಣ್ಣ ವಿದ್ಯುತ್ ಕೊಟ್ಟು ಹೆಬ್ಬೆರಳು ಎಷ್ಟು ಸಲ, ಎಷ್ಟು ಬಲವಾಗಿ ಮಿಡಿಯಿತು ಎಂದು ನೋಡುವ ಸಾಧನವಿದೆ. ನಾಲ್ಕೂ ಮಿಡಿತ ಸಮ ಬಲಕ್ಕೆ ಬರುವ ಮೊದಲು ಉಸಿರಿನ ನಳಿಕೆ ತೆಗೆಯುವುದು ಅಪಾಯ. ಇದನ್ನು ಬರೀ ಅಂದಾಜಿನ ಮೇಲೆ ಬಿಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಗ್ಯಾಸ್ ತುಂಬುವಾಗ ಹೊಟ್ಟೆಯ ಪೊರೆ ಹಿಗ್ಗಿ ಕೆಲವರ ನಾಡಿ ಏರುವ ಬದಲು ಒಮ್ಮೆಲೇ 40ಕ್ಕಿಂತ ಕೆಳಗೆ ಕುಸಿಯುವುದುಂಟು. ಅದಕ್ಕೆ ಮೆಗ್ನೀಸಿಯಂ ಮದ್ದಲ್ಲ. ತಕ್ಷಣ ಗ್ಯಾಸ್ ಹೊರಬಿಟ್ಟು, ಬೇಕಾದರೆ ನಾಡಿ ಏರಿಸುವ ಅಟ್ರೋಪಿನ್ ಕೊಡುತ್ತಾರೆ.

ಹೃದಯ ಬಡಿಸುವ ವಿದ್ಯುತ್ ಸಂಕೇತ ಸಾಗುವ ದಾರಿಯಲ್ಲಿ ತಡೆ ಇರುವವರಿಗೆ, ಮಯಸ್ತೇನಿಯಾ (ಸ್ನಾಯುಗಳು ಬಲ ಕಳೆದುಕೊಳ್ಳುವ ರೋಗ) ಇರುವವರಿಗೆ ಮೆಗ್ನೀಸಿಯಂ ಬೇಡ. ಮೆಗ್ನೀಸಿಯಂ ಹೊರಹೋಗುವುದು ಮೂತ್ರಪಿಂಡದಿಂದಲೇ ಆದ್ದರಿಂದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ಹೆಚ್ಚಿದ್ದರೆ ಮೆಗ್ನೀಸಿಯಂ ರಕ್ತದಲ್ಲೇ ಉಳಿದು ಮೊದಲು ಮೊಣಕಾಲಿಗೆ ತಟ್ಟಿದಾಗ ಕಾಲು ಜಿಗಿಯುವ ಪ್ರತಿಕ್ರಿಯೆ, ಆಮೇಲೆ ಉಸಿರು ಕುಗ್ಗುತ್ತದೆ. ಪ್ರತಿಮದ್ದಾಗಿ 10 ಶೇಕಡಾ ಕ್ಯಾಲ್ಸಿಯಂ ಗ್ಲೂಕೋನೇಟ್ 10 ಮಿಲಿ ಕೈಗೆಟಕುವಂತೆ ಇರಲೇಬೇಕು.

ಗುಳಿಗೆಯಿಂದ ಈ ಕೆಲಸ ಆಗದು. ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸ್ವಲ್ಪವೇ ಸೇರುತ್ತದೆ, ಹೆಚ್ಚಾದರೆ ಭೇದಿ ಹಿಡಿಯುತ್ತದೆ. ಆಮ್ಲೋಡಿಪಿನ್ನನ್ನು ಸಾಮಾನ್ಯವಾಗಿ ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಿಸುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ. ಕ್ರಿಯಾಟಿನಿನ್ ಮತ್ತು ಇಸಿಜಿ ವರದಿಗಳ ಜೊತೆ ಅವ್ವ ನುಂಗುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಒಯ್ದು ಅರಿವಳಿಕೆ ಡಾಕ್ಟರ ಕೈಯಲ್ಲಿಡಿ.