ಬಸ್ ಆಕ್ಸಿಡೆಂಟ್ ಆದ್ಮೇಲೆ ತಮ್ಮ ನಿದ್ದೆ ಮಾಡ್ತಿಲ್ಲ ಅಂತ ಕೇಳಿದ್ದಕ್ಕೆ
ಎರಡು ವಾರ ಆದ್ರೂ ಹಾರ್ನ್ ಕೇಳಿದ್ರೆ ಬೆಚ್ಚಿ ಬೀಳ್ತಾನೆ, ರಾತ್ರಿ ಕಣ್ಣು ಮುಚ್ಚಲ್ಲ, 'ಅದು ನಂಗಾಗಿದ್ದೇ ಅಲ್ಲ ಅನ್ಸುತ್ತೆ' ಅಂತಾನೆ, ತಲೆ ಕೆಟ್ಟಿದ್ಯಾ ಅಂತ ಕೇಳಿದೀರಲ್ಲ ಅಕ್ಕಾ, ದಯವಿಟ್ಟು ಹಾಗಂದ್ಕೋಬೇಡಿ. ಇದು ಅಕ್ಯೂಟ್ ಸ್ಟ್ರೆಸ್ ಡಿಸಾರ್ಡರ್ ಥರ ಕಾಣ್ತಿದೆ, ಅಂದ್ರೆ ದೊಡ್ಡ ಆಘಾತ ಆದ್ಮೇಲೆ ಮನಸ್ಸಿಗಾಗೋ ತೊಂದ್ರೆ, ಘಟನೆ ಆಗಿ 3 ದಿನದಿಂದ 1 ತಿಂಗಳೊಳಗೆ ಇರೋದಕ್ಕೆ ಹಾಗಂತಾರೆ, ತಿಂಗಳು ದಾಟಿದ್ರೆ, ಆಘಾತದ ತೊಂದ್ರೆ ಬಿಡದೇ ಮುಂದುವರಿಯೋ ಪಿಟಿಎಸ್‌ಡಿ ಇದ್ಯಾ ಅಂತ ನೋಡ್ತಾರೆ. ತಲೆಗೆ ಪೆಟ್ಟು ಬಿದ್ದಿದ್ರೆ ಮೊದ್ಲು ಡಾಕ್ಟರ್‌ಗೆ ತೋರ್ಸಿ, ಅದ್ರಿಂದಲೂ ಹಿಂಗಾಗ್ಬೋದು. ನೋಡೋಕೆ ಬಂದೋರೆಲ್ಲ 'ಏನಾಯ್ತು ಹೇಳಪ್ಪಾ' ಅಂತ ಕೆದಕೋದನ್ನ ನಿಲ್ಸಿ, ಅವ್ನಾಗೇ ಹೇಳಿದ್ರೆ ಮಾತ್ರ ಕೂತು ಕೇಳಿ. ಮೆಡಿಕಲ್‌ನಿಂದ ನಿದ್ದೆ ಮಾತ್ರೆ ಸುಮ್ನೆ ತಂದು ಕೊಡ್ಬೇಡಿ. ಇಂಥ ಆಘಾತಕ್ಕೆ ಅಂತಾನೇ ಮಾಡೋ ಸಿಬಿಟಿ ಥೆರಪಿ ಇದೆ, ಅಂದ್ರೆ ಯೋಚನೆ, ನಡವಳಿಕೆ ಸರಿ ಮಾಡೋಕೆ ಮಾತಿನ ಮೂಲಕ ಕೊಡೋ ಚಿಕಿತ್ಸೆ, ಈಗ್ಲೇ ಶುರು ಮಾಡಿದ್ರೆ ಒಳ್ಳೇದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಮಾತೇನಾದ್ರೂ ಆಡಿದ್ರೆ ಒಬ್ಬನ್ನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ.