ರೇಷನ್ ಅಕ್ಕಿ ಸಿಗುವಾಗ ಫುಡ್ ಬ್ಯಾಂಕ್ ಯಾಕೆ ಬೇಕು?

ಬರೀ ಅಕ್ಕಿಯಿಂದ ಊಟ ಆಗಲ್ಲ ಅಲ್ವಾ, ಅದಕ್ಕೇ ಬೇಕು. ಫುಡ್ ಬ್ಯಾಂಕ್ ಅಂದರೆ ಮಿಕ್ಕ ಆಹಾರ, ದಿನಸಿ ಕೂಡಿಸಿ ಇಲ್ಲದವರಿಗೆ ಹಂಚುವ ವ್ಯವಸ್ಥೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಬಿಪಿಎಲ್ ಕಾರ್ಡಿನ ಮನೆಯಲ್ಲಿ ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆಜಿ ಧಾನ್ಯ ಸಿಗುತ್ತದೆ. ಅನ್ನಭಾಗ್ಯದಲ್ಲಿ ರಾಜ್ಯವೂ ಅದಕ್ಕೆ ತನ್ನ ಪಾಲು ಸೇರಿಸುತ್ತದೆ. ಇದು ದೊಡ್ಡ ಆಸರೆ, ಅನುಮಾನವೇ ಇಲ್ಲ. ಆದರೆ ಬೇಳೆ, ಎಣ್ಣೆ, ತರಕಾರಿಗೆ ದುಡ್ಡು ಬೇಕು. ಕೂಲಿ ಇಲ್ಲದ ವಾರ ಮೊದಲು ಕೈಬಿಡುವುದು ಇವನ್ನೇ. ಮಕ್ಕಳ ತಟ್ಟೆಯಲ್ಲಿ ಅನ್ನ, ತಿಳಿಸಾರು ಅಷ್ಟೇ ಉಳಿಯುತ್ತದೆ.

ಫುಡ್ ಬ್ಯಾಂಕ್ ತುಂಬುವುದು ಈ ಕೊರತೆಯನ್ನು. ಮೈಸೂರಿನ ಬಂಡೀಪಾಳ್ಯ ಎಪಿಎಂಸಿಯಂಥ ಕಡೆ ಸಂಜೆಗೆ ಮಾರಾಟವಾಗದ ಟೊಮೆಟೊ, ಕೋಸು ಉಳಿಯುತ್ತವೆ. ಕಲ್ಯಾಣ ಮಂಟಪಗಳಲ್ಲಿ ಅಡುಗೆ ಮಿಗುತ್ತದೆ. ಕೊಡುವವರಿಗೆ ಹಸಿದವರ ಮನೆ ಗೊತ್ತಿಲ್ಲ, ಹಸಿದವರಿಗೆ ಎಲ್ಲಿ ಉಳಿದಿದೆ ಅಂತ ಗೊತ್ತಿಲ್ಲ. ನಡುವೆ ಒಂದು ಗೋದಾಮು, ಒಂದು ಗಾಡಿ, ಬೀದಿ ಬೀದಿ ಬಲ್ಲ ನಾಲ್ಕು ಜನ ಇದ್ದರೆ ಎರಡೂ ಕೂಡುತ್ತವೆ. ಬೇಳೆ, ಎಣ್ಣೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಬೇಯಿಸಿದ ಅನ್ನ ಹಾಗಲ್ಲ, ಬಿಸಿ ಆರಿ ಹೊತ್ತಾದರೆ ವಿಷವಾಗಬಹುದು. ಮದುವೆ ಊಟ ಎತ್ತುವವರು ಗಡಿಯಾರ ನೋಡಿಕೊಂಡೇ ಓಡಬೇಕು.

ಇನ್ನೊಂದು ಮಾತು. ಮಂಡ್ಯಕ್ಕೆ ಕಬ್ಬು ಕಡಿಯಲು ಬರುವ ಎಷ್ಟೋ ಕುಟುಂಬಗಳ ಕಾರ್ಡು ಊರಲ್ಲೇ ಉಳಿದಿರುತ್ತದೆ. ಈಗ ಬೇರೆ ಊರಲ್ಲೂ ರೇಷನ್ ಪಡೆಯಬಹುದು, ಆದರೆ ಹೆಬ್ಬೆಟ್ಟಿನ ಗುರುತು ಕೂಡಬೇಕು, ಆಧಾರ್ ಜೋಡಣೆ ಆಗಿರಬೇಕು. ಆ ತೊಡಕು ಬಗೆಹರಿಯುವ ತನಕ ಒಲೆ ಉರಿಯಬೇಕಲ್ಲ? ಫುಡ್ ಬ್ಯಾಂಕಿನವರು ಕಾರ್ಡು ಕೇಳದೆ ಒಂದು ಚೀಲ ದಿನಸಿ ಕೊಡಬಲ್ಲರು.