ಪಕ್ಕದ ತೋಟದ ತಾಳೆ ಮರದಡಿ ಹುಟ್ಟಿದ ಸಸಿಗಳನ್ನು ನೆಡಬಹುದೇ?

ದಯವಿಟ್ಟು ನೆಡಬೇಡಿ. ನೆರೆಯವರ ಎಣ್ಣೆ ತಾಳೆ ತೋಟ ಭರ್ತಿ ಗೊನೆ ಬಿಡುತ್ತಿದೆ, ಅದರಡಿ ತಾನಾಗಿ ಎದ್ದ ಸಸಿ ತಂದರೆ ಎರಡು ಎಕರೆಗೆ ಖರ್ಚು ಉಳಿಯುತ್ತದಲ್ಲ ಎಂದು ಕೇಳಿದ್ದೀರಿ. ತೆಂಗು, ಅಡಿಕೆಯಲ್ಲಿ ಒಳ್ಳೆಯ ತಾಯಿಮರ ನೋಡಿ ಬೀಜ ಆರಿಸಿ ಬೆಳೆದ ನಮಗೆ ಹಾಗನ್ನಿಸುವುದು ಸಹಜ. ನಾನೂ ತಾಳೆ ಬೆಳೆಯುವವನೇ; ಈ ಬೆಳೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ತಾಳೆಯಲ್ಲಿ ಮೂರು ಬಗೆ. ಡೂರಾದ ಬೀಜದ ಚಿಪ್ಪು ದಪ್ಪ, ಎಣ್ಣೆ ಕೊಡುವ ತಿರುಳು ಕಡಿಮೆ. ಪಿಸಿಫೆರಾಗೆ ಚಿಪ್ಪೇ ಇಲ್ಲ, ಆದರೆ ಅದರ ಹೆಣ್ಣು ಗೊನೆಗಳು ಹೆಚ್ಚಾಗಿ ಹಣ್ಣಾಗುವ ಮೊದಲೇ ಕೊಳೆಯುತ್ತವೆ. ಡೂರಾ ತಾಯಿಗೆ ಪಿಸಿಫೆರಾ ಪರಾಗ ಕೊಟ್ಟರೆ ಹುಟ್ಟುವುದು ಟೆನೆರಾ: ತೆಳು ಚಿಪ್ಪು, ದಪ್ಪ ತಿರುಳು. ಇಂದು ನಾವು ಬೆಳೆಯುವುದು ಅದನ್ನೇ. ಚಿಪ್ಪಿನ ದಪ್ಪವನ್ನು ಒಂದೇ ಜೀನ್ ನಿರ್ಧರಿಸುತ್ತದೆಂದು ಬೆಲ್ಜಿಯನ್ ಕಾಂಗೋದ ವಿಜ್ಞಾನಿಗಳು 1941ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಮಲೇಷ್ಯಾ, ಸುಮಾತ್ರಾದ ತೋಟಗಳು ಬಹುಪಾಲು ಡೂರಾ. 1848ರಲ್ಲಿ ಜಾವಾದ ಬೋಗೋರ್‌ನಲ್ಲಿ ನೆಟ್ಟ ನಾಲ್ಕೇ ಗಿಡಗಳ ವಂಶ.

ನಿಮ್ಮ ನೆರೆಯವರದು ಟೆನೆರಾ. ಟೆನೆರಾಕ್ಕೆ ಟೆನೆರಾ ಪರಾಗವೇ ಬಿದ್ದರೆ ಮಕ್ಕಳಲ್ಲಿ ಸುಮಾರು ಅರ್ಧ ಮಾತ್ರ ಟೆನೆರಾ, ಕಾಲು ಭಾಗ ಡೂರಾ, ಇನ್ನು ಕಾಲು ಭಾಗ ಪಿಸಿಫೆರಾ. ಎಕರೆಗೆ 57 ಗಿಡವೆಂದರೆ ಎರಡು ಎಕರೆಯಲ್ಲಿ ಮೂವತ್ತರ ಹತ್ತಿರ ಪಿಸಿಫೆರಾ ಗಿಡಗಳು ಗೊಬ್ಬರ, ನೀರು ತಿಂದು ಹೆಚ್ಚುಕಡಿಮೆ ಬಂಜೆಯಾಗಿ ನಿಲ್ಲುತ್ತವೆ. ಸಸಿಯಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣದು. ಮೂರ್ನಾಲ್ಕು ವರ್ಷ ಸಾಕಿ ಫಸಲು ಬಂದಮೇಲೆ ತಿಳಿಯುವ ನಷ್ಟ ಇದು, ಮರ ನಿಲ್ಲುವುದೋ ಇಪ್ಪತ್ತೈದು ವರ್ಷ.

ಬೇಕಿದ್ದರೆ ನೆರೆಯವರ ಒಂದು ಹಣ್ಣನ್ನು ಅಡ್ಡಲಾಗಿ ಕೊಯ್ದು ನೋಡಿ. ತೆಳು ಚಿಪ್ಪಿನ ಸುತ್ತ ತಿರುಳಿನಲ್ಲಿ ಕಪ್ಪು ನಾರಿನ ಚುಕ್ಕಿಗಳ ಉಂಗುರ ಇದ್ದರೆ ಟೆನೆರಾ. ಡೂರಾದಲ್ಲಿ ಆ ಉಂಗುರ ಇರುವುದಿಲ್ಲ.

ಸಸಿಗೆ ತೋಟಗಾರಿಕೆ ಇಲಾಖೆಯನ್ನೇ ಕೇಳಿ. 2021ರ ಕೇಂದ್ರದ ತಾಳೆ ಯೋಜನೆಯಲ್ಲಿ ಸಸಿಗೆ ಹೆಕ್ಟೇರಿಗೆ 29,000 ರೂಪಾಯಿವರೆಗೆ ನೆರವು ಇಟ್ಟಿದ್ದರು, ಹಾಗಾಗಿ ಉಳಿಸಲು ಹೊರಟ ಖರ್ಚು ನೀವೆಣಿಸಿದಷ್ಟು ದೊಡ್ಡದಲ್ಲ. ಬೀಜ ಯಾವ ಬೀಜೋತ್ಪಾದನಾ ತೋಟದ್ದೆಂದು ಕೇಳಿ ಬರೆದಿಟ್ಟುಕೊಳ್ಳಿ. ಆಂಧ್ರದ ಪೆದವೇಗಿಯಲ್ಲಿ, ಕೇರಳದ ಪಾಲೋಡ್‌ನಲ್ಲಿ ಹೂವಿಗೆ ಚೀಲ ಕಟ್ಟಿ, ಆಯ್ದ ಪರಾಗ ಹಾಕಿ ಬೀಜ ಮಾಡುತ್ತಾರೆ.

ಅದಕ್ಕೂ ಮೊದಲು ಗೊನೆ ಕೊಳ್ಳುವ ಗಿರಣಿ ಎಷ್ಟು ದೂರ ಎಂದು ವಿಚಾರಿಸಿ. ಕೊಯ್ದ ಗೊನೆ ಒಂದು ದಿನದೊಳಗೆ ಅಲ್ಲಿಗೆ ತಲುಪುವಂತಿರಬೇಕು, ತಡವಾದಷ್ಟೂ ಎಣ್ಣೆಯಲ್ಲಿ ಆಮ್ಲ ಏರಿ ಗುಣಮಟ್ಟ ಕೆಡುತ್ತದೆ.